ದೊಡ್ಡಮ್ಮನ ನಾಲಿಗೆಯ ಬಿಳಿ ಪದರ

ನಮ್ಮ ದೊಡ್ಡಮ್ಮ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಮೂವತ್ತು ವರ್ಷ ಶಾಲೆಯ ಸಮವಸ್ತ್ರ ಹೊಲಿದಳು. ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. "ಬಾಯಲ್ಲಿ ಪಿನ್ನಿರೋದಕ್ಕೇ ಮಾತು ಇಷ್ಟು ಚುಚ್ಚತ್ತೆ" ಎಂದು ದೊಡ್ಡಪ್ಪ ನಗುತ್ತಿದ್ದ.

ಹಾಗಾಗಿ ಬಾಯುರಿ ಶುರುವಾದಾಗ ಎಲ್ಲರೂ ಪಿನ್ನನ್ನೇ ದೂರಿದೆವು. ಅವಳು ಕನ್ನಡಿಯ ಮುಂದೆ ನಾಲಿಗೆ ಚಾಚಿದಳು. ಕೆನೆ ಕಟ್ಟಿದಂತೆ ಬಿಳಿ ಪದರ. ಬೆರಳಿಗೆ ಬಟ್ಟೆ ಸುತ್ತಿ ಒರೆಸಿದರೆ ಅಡಿಯಲ್ಲಿ ಹಸಿ ಕೆಂಪು, ಚೂರು ರಕ್ತ.

"ಅಗ್ರ ಕಣಕ್ಕಾ ಅದು, ಎಳೆ ಮಕ್ಕಳ ಬಾಯಿಗೆ ಬರತ್ತಲ್ಲ. ಜೇನು ಹಚ್ಕೋ, ಮೂರೇ ದಿನ" ಎಂದಳು ಗುಂಡಿ ಹೊಲಿಯಲು ಬರುತ್ತಿದ್ದ ಅವಳ ಓರಗಿತ್ತಿ.

ಮೂರು ದಿನಕ್ಕೆ ಕಡಿಮೆಯಾದಂತೆ ಕಂಡಿತು. ವಾರದೊಳಗೆ ಮತ್ತೆ ಬಂತು, ಈ ಸಲ ಕೆನ್ನೆಯ ಒಳಗೂ. ದೊಡ್ಡಮ್ಮ ಹಟಕ್ಕೆ ಬಿದ್ದಳು. ಬೆಳಿಗ್ಗೆ ಕೊಬ್ಬರಿ ಎಣ್ಣೆ ಮುಕ್ಕಳಿಸುವುದು, ಖಾಲಿ ಹೊಟ್ಟೆಗೆ ಹಸಿ ಬೆಳ್ಳುಳ್ಳಿ. ಆಮೇಲೆ ಹೊಟ್ಟೆ ಉಬ್ಬರಿಸತೊಡಗಿತು, ಊಟ ಸೇರದಾಯಿತು. "ಕರುಳಿಗೇ ಇಳಿದುಬಿಟ್ಟಿದೆ" ಎಂದು ಓರಗಿತ್ತಿ ಮೊಸರನ್ನೂ ಮದ್ದಿಗೆ ಸೇರಿಸಿದಳು. ಅದಕ್ಕೂ ಧಾರಾಳವಾಗಿ ಜೇನು.

ದೊಡ್ಡಮ್ಮ ಸೊರಗಿಹೋದಳು. ತನ್ನ ಬಟ್ಟೆಗಳನ್ನು ತಾನೇ ಎರಡು ಸಲ ಬಿಗಿ ಮಾಡಿಕೊಂಡಳು. "ಹುಡುಗಿ ಹಾಗಾಗಿದ್ದೀಯ!" ಎಂದು ಓರಗಿತ್ತಿ ಹೊಟ್ಟೆಕಿಚ್ಚುಪಟ್ಟಳು. ದೊಡ್ಡ ಹೂಜಿಯ ನೀರು ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ಬಚ್ಚಲಿಗೆ ಇರುವೆ ಸಾಲು ಹಿಡಿಯಿತು. ಬಿಸಿನೀರು ಹೊಯ್ದರೂ ಮರುದಿನ ಮತ್ತೆ ಅದೇ ಸಾಲು. ಯಾಕೆಂದು ನಮ್ಮಲ್ಲೊಬ್ಬರೂ ಕೇಳಲಿಲ್ಲ.

ಒಂದು ದಿನ ನೆಲದ ಮೇಲಿನ ದಾರದ ಚೂರು ಹೆಕ್ಕುತ್ತಿದ್ದೆ. ಹೊಲಿಗೆ ಯಂತ್ರ ತುಳಿಯುತ್ತಿದ್ದ ಅವಳ ಹಿಮ್ಮಡಿಯಲ್ಲಿ ಪಿನ್ನಿನ ತಲೆ ಹೊಳೆಯಿತು.

"ದೊಡ್ಡಮ್ಮ, ಕಾಲಲ್ಲಿ ಪಿನ್ನು!"

"ಎಲ್ಲೇ?" ಎಂದು ತುಳಿಯುತ್ತಲೇ ನೆಲ ನೋಡಿದಳು.

ಎಳೆದೆ. ಇಡೀ ಪಿನ್ನು ಒಳಗಿತ್ತು. ಅವಳು 'ಹಾ' ಎನ್ನಲಿಲ್ಲ. "ನಂಗೇನೂ ಆಗ್ಲೇ ಇಲ್ವಲ್ಲೇ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

"ಡಾಕ್ಟರ ಹತ್ರ ಹೋಗೋಣ."

"ಬಾಯಿ ಹುಣ್ಣು, ಪಿನ್ನು ಅಂತೆಲ್ಲ ಹೋದ್ರೆ ನಗ್ತಾರೆ. ಇನ್ನೂ ನಲವತ್ತು ಅಂಗಿ ಬಾಕಿ, ಸ್ಕೂಲು ಶುರುವಾಗ್ಲಿ."

ಆ ಗಾಯಕ್ಕೂ ಜೇನು ಸವರಿದಳು. ಒಂಬತ್ತನೆಯ ದಿನ ಹಿಮ್ಮಡಿ ಕಪ್ಪಗಾಗಿತ್ತು. ಹೊಸ ಬಟ್ಟೆಯ ಗಂಜಿ ವಾಸನೆಯ ನಡುವೆ ಕೋಣೆಯಲ್ಲಿ ಇನ್ನೊಂದು ವಾಸನೆ ಸುಳಿಯುತ್ತಿತ್ತು. ದೊಡ್ಡಪ್ಪ ಮರುಮಾತಿಗೆ ಅವಕಾಶ ಕೊಡದೆ ಆಸ್ಪತ್ರೆಗೆ ಎತ್ತಿಕೊಂಡು ಹೋದ.

ಡಾಕ್ಟರು ಕಾಲು ನೋಡಿದ ಮೇಲೆ ನಾಲಿಗೆ ಚಾಚಲು ಹೇಳಿದರು. "ಎಷ್ಟು ದಿನದಿಂದ ಹೀಗಿದೆ?"

"ಐದು ತಿಂಗಳಾಯ್ತು. ಮನೆ ಮದ್ದು ಮಾಡ್ತಿದ್ದೀನಿ."

ಒಂದೊಂದೇ ಹೇಳುತ್ತ ಹೋದಳು. ಜೇನು ಎಂದಾಗ ಅವರು ತಡೆದರು. "ದಿನಕ್ಕೆಷ್ಟು ಚಮಚ?"

"ಆರೋ, ಏಳೋ."

ಬೆರಳಿನ ರಕ್ತ ಪರೀಕ್ಷೆ ನೋಡಿ ಅವರು ದೊಡ್ಡಪ್ಪನ ಕಡೆ ತಿರುಗಿದರು. "ಸಕ್ಕರೆ ಕಾಯಿಲೆ. ಬಹಳ ದಿನದಿಂದ ಇರಬೇಕು. ಕಾಲಿಗೆ ಚುಚ್ಚಿದ್ದು ಗೊತ್ತಾಗದೇ ಇದ್ದದ್ದೂ ಅದರಿಂದಲೇ. ಬಾಯಲ್ಲಿರೋದು ಒಂಥರಾ ಬೂಷ್ಟು. ರಕ್ತದಲ್ಲಿ ಇಷ್ಟು ಸಕ್ಕರೆ ಇದ್ರೆ ಅದು ಎಷ್ಟು ಒರೆಸಿದ್ರೂ ಬರ್ತಾನೇ ಇರತ್ತೆ. ಬಾಯುರಿ ಶುರುವಾದಾಗಲೇ ಬಂದಿದ್ರೆ ಕಾಲಿನ ಮಾತೇ ಬರ್ತಿರಲಿಲ್ಲ."

ಪಾದ ತೆಗೆದರು. ಮಾತ್ರೆಗೆ ನಾಲಿಗೆ ಹದಿನೈದೇ ದಿನದಲ್ಲಿ ಚೊಕ್ಕವಾಯಿತು.

ಓರಗಿತ್ತಿ ಆಸ್ಪತ್ರೆಗೆ ಬಂದವಳು ಮಂಚದ ತುದಿಯಲ್ಲಿ ಕೂತು, ಉಳಿದ ಪಾದವನ್ನು ಮಡಿಲಿಗೆಳೆದುಕೊಂಡು ಒತ್ತತೊಡಗಿದಳು. ಒತ್ತುತ್ತಲೇ ಕೇಳಿದಳು: "ಅಕ್ಕಾ, ಇದರಲ್ಲಿ ಗೊತ್ತಾಗ್ತಿದೆ ತಾನೇ?"

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು. "ಬೆರಳುಗಳಲ್ಲಿ ಇಲ್ಲ" ಎಂದಳು.