ಫ್ರೀಜರ್‌ನಲ್ಲಿ ಕಪ್ಪೆಯ ಊಟ

ಕಳೆದ ವಾರ ಒಂದು ಕಪ್ಪೆ ನಮ್ಮಿಂದ ಬಾಡಿಗೆ ಮನೆ ಖಾಲಿ ಮಾಡಿಸುವುದರಲ್ಲಿತ್ತು.

ಅಂಥಿಂಥ ಮನೆಯಲ್ಲ. ಕತ್ರಿಗುಪ್ಪೆಯಲ್ಲಿ ಮೊದಲನೇ ಮಹಡಿ. ಬೇಸಿಗೆಯಲ್ಲೂ ನಲ್ಲಿಯಲ್ಲಿ ನೀರು. ಮಗಳು ಸ್ಕೂಲಿಗೆ ನಡೆದೇ ಹೋಗಬಹುದು. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಗೊತ್ತು, ಇಂಥದ್ದು ಸಿಗಲು ಪುಣ್ಯ ಮಾಡಿರಬೇಕು. ಪುಣ್ಯದ ಜೊತೆಗೆ ನಾವೊಂದು ಮಾತನ್ನೂ ಕೊಟ್ಟಿದ್ದೆವು. ಮನೆ ನೋಡಲು ಹೋದ ದಿನ, ಕೆಳಗಿನ ಮನೆಯಲ್ಲೇ ಇರುವ ಓನರ್ ವಿಶಾಲಾಕ್ಷಿ ಆಂಟಿ ನಮ್ಮ ಹೆಸರು ಕೇಳಲಿಲ್ಲ, ಕೆಲಸ ಕೇಳಲಿಲ್ಲ.

"ನೀವು ವೆಜ್ಜಾ?" ಎಂದರು.

"ಮೊಟ್ಟೆ ತಿಂತೀವಿ ಆಂಟಿ," ಎಂದೆ. ಅವರ ಮುಖ ನೋಡಿ, "ಆದ್ರೆ ಮನೇಲಿ ಮಾಡಲ್ಲ" ಎಂದು ಸೇರಿಸಿದೆ.

ಆ ಮಾತನ್ನು ಉಳಿಸಿಕೊಂಡಿದ್ದೇವೆ. ನಮ್ಮನೆಯವರು ಬಸ್ ಸ್ಟಾಪ್ ಪಕ್ಕದ ಗಾಡಿಯಲ್ಲಿ ಎಗ್ ರೈಸ್ ತಿಂದು, ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿಯುತ್ತಾ ಮೆಟ್ಟಿಲು ಹತ್ತುತ್ತಾರೆ. (ಕದ್ದು ಸಿಗರೇಟು ಸೇದುವ ಕಾಲೇಜು ಹುಡುಗರೂ ಇಷ್ಟು ಹುಷಾರಾಗಿರುವುದಿಲ್ಲ.)

ಅಂಥ ಮನೆಗೆ ಕಪ್ಪೆ ಬಂತು. ಒಂದಲ್ಲ, ಎರಡು.

ನಮ್ಮ ಹಾಲ್‌ನಲ್ಲಿ ಮೊದಲೇ ಒಂದು ಅಕ್ವೇರಿಯಂ ಇತ್ತು, ಅದರ ತುಂಬ ಗಪ್ಪಿ ಮೀನು. ಅವಕ್ಕೆ ಕಾಳು ತರಲು ಜಯನಗರದ ಅಂಗಡಿಗೆ ಹೋದಾಗ, ಮಗಳು ಇಂಚರ ಅಲ್ಲಿದ್ದ ಪುಟಾಣಿ ಕಪ್ಪೆಗಳ ಮುಂದೆ ನಿಂತವಳು ಕದಲಲಿಲ್ಲ.

"ಇದು ನೀರಲ್ಲೇ ಇರತ್ತೆ ಮೇಡಂ, ಆಚೆ ಬರಲ್ಲ. ಉಸಿರಿಗೆ ಮಾತ್ರ ಮೇಲೆ ಬಂದು ಹೋಗತ್ತೆ. ಸಣ್ಣ ಮೀನಿನ ಜೊತೆ ಅಡ್ಜಸ್ಟ್ ಆಗತ್ತೆ," ಎಂದ ಅಂಗಡಿಯವ.

ಅಡ್ಜಸ್ಟ್ ಎಂದ ಮೇಲೆ ಬೆಂಗಳೂರಿನವರು ಕರಗದೇ ಇರುತ್ತೇವೆಯೇ? ಇಂಚರ ಅವಕ್ಕೆ ಬೋಂಡಾ, ಬಜ್ಜಿ ಎಂದು ಹೆಸರಿಟ್ಟಳು. (ಶುದ್ಧ ಸಸ್ಯಾಹಾರಿ ಹೆಸರುಗಳು, ಗಮನಿಸಿ.)

ಮೀನು, ಕಪ್ಪೆಗಳ ನಡುವೆ ಜಗಳವೇನೂ ಆಗಲಿಲ್ಲ. ಸಮಸ್ಯೆಯಾಗಿದ್ದು ಊಟದ್ದು. ಕಾಳು ಹಾಕಿದ್ದೇ ತಡ, ಗಪ್ಪಿಗಳು ಮದುವೆ ಮನೆಯ ಮೊದಲ ಪಂಕ್ತಿಯವರ ಹಾಗೆ ಮುಗಿಬೀಳುತ್ತಿದ್ದವು. ಕಪ್ಪೆಗಳ ಕಣ್ಣು ಅಷ್ಟಕ್ಕಷ್ಟೇ. ವಾಸನೆ ಹಿಡಿದು ತಡಕಾಡಿಕೊಂಡು ಬರುವಷ್ಟರಲ್ಲಿ ಎಲೆ ಎತ್ತಿಯಾಗಿರುತ್ತಿತ್ತು. ಬಜ್ಜಿ ಹೇಗೋ ಸುಧಾರಿಸಿಕೊಂಡಿತು. ಬೋಂಡಾ ಸೊರಗುತ್ತಾ ಹೋಯಿತು. ಹೆಸರಿಗೆ ಬೋಂಡಾ, ನೋಡಿದರೆ ಹಪ್ಪಳ.

ನಾನು ಅನ್ನ ಹಿಸುಕಿ ಹಾಕಿದೆ. ಬೇಯಿಸಿದ ಬಟಾಣಿ ಹಾಕಿದೆ. ನೆನೆಸಿದ ಹೆಸರುಬೇಳೆ ಕೂಡ. ಕಪ್ಪೆಗೆ ಕೋಸಂಬರಿ ತಿನ್ನಿಸಲು ಹೊರಟ ಹೆಂಗಸು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ನೀರು ಕದಡಿತು, ಅಷ್ಟೆ. ಇಂಚರ ಗಾಜಿಗೆ ಮೂಗು ಒತ್ತಿಕೊಂಡು, "ಅಮ್ಮ, ಬೋಂಡಾ ಸತ್ತೋಗತ್ತಾ?" ಎಂದಳು.

ಅಂಗಡಿಯವನಿಗೆ ಫೋನ್ ಮಾಡಿದೆ. "ಬ್ಲಡ್‌ವರ್ಮ್ ಹಾಕಿ ಮೇಡಂ. ಕೆಂಪು ಹುಳ, ಫ್ರೋಜನ್ ಬರತ್ತೆ. ಸ್ವಲ್ಪ ಕರಗಿಸಿ, ಚಿಮುಟದಲ್ಲಿ ಕಪ್ಪೆ ಬಾಯಿ ಹತ್ರ ಹಿಡೀರಿ. ಮಿಕ್ಕಿದ್ದು ಫ್ರೀಜರ್‌ನಲ್ಲಿಡಿ," ಎಂದ.

ಹುಳ! ಮೊಟ್ಟೆಯನ್ನೇ ಒಳಗೆ ಬಿಡದ ಮನೆಯ ಫ್ರೀಜರ್‌ನಲ್ಲಿ.

"ನಾವು ಮಾತು ಕೊಟ್ಟಿದ್ದು ಮೊಟ್ಟೆ ವಿಷ್ಯದಲ್ಲಿ ಕಣೆ, ಹುಳದ ವಿಷ್ಯ ಬಂದೇ ಇಲ್ಲ," ಎಂದು ನಮ್ಮನೆಯವರು ವಕೀಲಿಕೆ ಮಾಡಿದರು. ಹುಳ ಬಂತು. ಖಾಲಿ ಐಸ್‌ಕ್ರೀಮ್ ಡಬ್ಬದಲ್ಲಿ ಅಡಗಿ ಕೂತಿತು. ಬೋಂಡಾ ಮೊದಲ ದಿನವೇ ಗಬಕ್ಕನೆ ಬಾಯಿ ಹಾಕಿತು, ಇಂಚರ ಕುಣಿದಾಡಿದಳು.

ಆ ಡಬ್ಬವೇ ಎಡವಟ್ಟು ಮಾಡಿದ್ದು. ಗುರುವಾರ ಆಂಟಿಯ ಫ್ರಿಜ್ ಕೆಟ್ಟಿತು. ತೆಂಗಿನ ತುರಿ ಹಿಡಿದುಕೊಂಡು ಮೇಲೆ ಬಂದರು. ನಾನು ಬಾಗಿಲಲ್ಲಿ ಕೊರಿಯರ್‌ನವನಿಗೆ ಓಟಿಪಿ ಹೇಳುತ್ತಿದ್ದೆ. ಆಂಟಿ ಸೀದಾ ಅಡುಗೆಮನೆಗೆ ನಡೆದರು. ಐಸ್‌ಕ್ರೀಮ್ ಡಬ್ಬದಲ್ಲಿ ಐಸ್‌ಕ್ರೀಮ್ ಇರುವುದಿಲ್ಲ ಎಂಬುದು ನಮ್ಮಲ್ಲಿ ಯಾವ ಗೃಹಿಣಿಗೆ ಗೊತ್ತಿಲ್ಲ? ಖಾಲಿಯಿದ್ದರೆ ತುರಿಯನ್ನು ಅದಕ್ಕೇ ಹಾಕಿಡೋಣ ಎಂದು ಮುಚ್ಚಳ ತೆಗೆದಿದ್ದಾರೆ.

"ಇದೇನಮ್ಮ ಇದು, ಕೆಂಪಗೆ?"

ಬೀಟ್‌ರೂಟ್ ತುರಿ ಎನ್ನಬಹುದಿತ್ತು. (ಒಂದಿಷ್ಟು ಪಲ್ಯಕ್ಕೆ ಕೊಡು ಎಂದಿದ್ದರೆ?) "ಹುಳ ಆಂಟಿ," ಎಂದೆ. "ಕಪ್ಪೆಗೆ."

ಆಂಟಿ ಡಬ್ಬ ಕೆಳಗಿಟ್ಟು, ಸೋಪು ಹಾಕಿ ಕೈ ತೊಳೆದರು. ಪ್ಯಾಕರ್ಸ್ ಲಾರಿ, ವಸಂತಪುರದಾಚೆ ಎಲ್ಲೋ ಟ್ಯಾಂಕರ್ ನೀರಿನ ಮನೆ, ಇಂಚರಳ ಹೊಸ ಸ್ಕೂಲು, ಎಲ್ಲವೂ ನನ್ನ ಕಣ್ಣ ಮುಂದೆ ಬಂದವು.

"ಎಲ್ಲಿ, ತೋರ್ಸು ನಿನ್ನ ಕಪ್ಪೆನ," ಎಂದರು.

ತೋರಿಸಿದೆ. ಆಂಟಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಅಯ್ಯೋ, ಇಷ್ಟೊಂದು ಬಡಕಲಾಗಿದ್ಯಲ್ಲ. ಬೇರೆ ಏನೂ ತಿನ್ನಲ್ವಾ?"

"ಕೋಸಂಬರಿನೂ ಹಾಕ್ದೆ ಆಂಟಿ."

ಆಂಟಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಒಳ್ಳೆ ಹುಡ್ಗಿ ಕಣಮ್ಮ ನೀನು. ದೇವ್ರು ಅದಕ್ಕೆ ಅಂತ ಕೊಟ್ಟಿರೋದನ್ನ ಅದು ತಿನ್ಲಿ ಬಿಡು. ನಮ್ಮ ಥರಾನೇ ಇರು ಅಂದ್ರೆ ಆಗತ್ತಾ, ಪಾಪ. ನನ್ನ ತುರಿಗೆ ತಗುಲ್ದಂಗೆ ಇಡು, ಸಾಕು."

ಆ ಕ್ಷಣ ಅವರ ಕಾಲಿಗೆ ಬೀಳೋಣ ಎನ್ನಿಸಿತು. ಎಂಥ ದೊಡ್ಡ ಮಾತು! ಎಷ್ಟು ಸಲೀಸಾಗಿ ಹೇಳಿದರು! ಈಗಂತೂ ಸಂಜೆ ದೀಪ ಹಚ್ಚಿದ ಮೇಲೆ ಆಂಟಿ ತಪ್ಪದೇ ಮೇಲೆ ಬರುತ್ತಾರೆ. ಮೆಟ್ಟಿಲಿನಿಂದಲೇ "ಬೋಂಡಾಂದು ಊಟ ಆಯ್ತಾ?" ಎಂದು ವಿಚಾರಿಸುತ್ತಾರೆ. ಆಗದಿದ್ದರೆ ಚಿಮುಟ ಕಸಿದುಕೊಂಡು ತಾವೇ ತಿನ್ನಿಸುತ್ತಾರೆ. ಬೋಂಡಾ ಹೆಸರಿಗೆ ತಕ್ಕಂತೆ ಉಬ್ಬುತ್ತಿದೆ. ಮನೆಯೂ ಉಳಿದಿದೆ.

ನಿನ್ನೆ ಆಂಟಿ ಒಳ್ಳೆಯ ಮೂಡ್‌ನಲ್ಲಿದ್ದರು. ನಾನೂ ಧೈರ್ಯ ಮಾಡಿದೆ. "ಆಂಟಿ, ಇಂಚರಾನೂ ಸ್ವಲ್ಪ ಸೊರಗಿದಾಳೆ. ದಿನಾ ಒಂದು ಮೊಟ್ಟೆ ಬೇಯಿಸಿ ಕೊಡ್ಲಾ?"

ಆಂಟಿ ಚಿಮುಟದಲ್ಲಿ ಹುಳ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಅದು ಮಾತ್ರ ಬೇಡಮ್ಮ. ನಮ್ಮನೇಲಿ ಅದೆಲ್ಲ ನಡ್ಯಲ್ಲ."

ನೀವೇ ಹೇಳಿ, ಮುಂದಿನ ಸಲ ಅಗ್ರಿಮೆಂಟ್ ಮಾಡಿಸುವಾಗ ಮಗಳನ್ನೂ ಕಪ್ಪೆ ಎಂದೇ ಬರೆಸಿಬಿಡಲೇ?