ಒತ್ತೆಗೆ ಹೋದ ಎರಡು ಪ್ಯಾಂಟು

ಆತನ ಬಲಗೈ ಹೆಬ್ಬೆರಳು ಕತ್ತರಿಯ ಹಿಡಿಗೆ ಒಗ್ಗಿ ಒಗ್ಗಿ ಒಂದು ಮಗ್ಗುಲು ಚಪ್ಪಟೆಯಾಗಿ, ಎಮ್ಮೆಯ ಗೊರಸಿನಷ್ಟು ಗಟ್ಟಿಯಾಗಿತ್ತು. ಆಂಧ್ರದ ಗಡಿಯೂರು ರಾಯದುರ್ಗದ ನಮ್ಮ ಗಲ್ಲಿಯಲ್ಲಿ ಮನೆಮನೆಗೂ ಜೀನ್ಸ್ ಹೊಲಿಯುವ ಮಿಷನ್ನು ಗುಡುಗುತ್ತಿದ್ದರೂ, ಆಳನ್ನು ನಿಲ್ಲಿಸಿ ಅಳತೆ ತೆಗೆದು ಹೊಲಿಯುವ ಟೈಲರು ಆತನೊಬ್ಬನೇ ಉಳಿದಿದ್ದ. ಅಳತೆಯನ್ನು ಆತ ಕೂಗಿಯೇ ಹೇಳುವನು. ಒಳಗೆ ಅಡುಗೆ ಮಾಡುತ್ತಲೇ ಹೆಂಡತಿ ಅದನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯುವಳು. ಹೀಗಾಗಿ ಮೂವತ್ತು ವರ್ಷ ಪಾಠ ಹೇಳಿ ನಾನು ಗಳಿಸಿದ್ದ ಮೂವತ್ತೆಂಟು ಇಂಚಿನ ಸೊಂಟ ಇಡೀ ಗಲ್ಲಿಗೆ ಬಾಯಿಪಾಠವಾಗಿತ್ತು.

ನನಗೆ ಕರುಳಿನ ಕ್ಯಾನ್ಸರೆಂದು ಆಪರೇಷನ್ ಆದ ಮೇಲೆ ಗಲ್ಲಿಯ ದನಿ ಇಳಿಯಿತು. ಕನ್ನಡದಲ್ಲಿ 'ಅಯ್ಯೋ ಪಾಪ', ತೆಲುಗಿನಲ್ಲಿ 'ಅಯ್ಯೋ ಪಾಪಂ'. ಎಲ್ಲರಿಗೂ ಎರಡೂ ಬರುವುದರಿಂದ ಒಬ್ಬೊಬ್ಬರೂ ಎರಡೂ ಹೇಳಿ ಹೋದರು. ಬಳ್ಳಾರಿಯಲ್ಲಿ ಮೂರು ಸಲ ಕೀಮೋ ಹಾಕಿಸಿಕೊಳ್ಳುವಷ್ಟರಲ್ಲಿ ಅನ್ನ ಮಣ್ಣಾಯಿತು, ಮಾತು ಬೇಡವಾಯಿತು. ಇನ್ನೂ ಮೂರು ಉಳಿದಿದ್ದವು. ಹೋಗಕೂಡದೆಂದು ಮನಸ್ಸಿನಲ್ಲೇ ಠರಾವು ಪಾಸು ಮಾಡಿದೆ. ಸಭೆಯಲ್ಲಿ ನಾನೊಬ್ಬನೇ ಇದ್ದುದರಿಂದ ವಿರೋಧ ಬರಲಿಲ್ಲ.

ಆದರೆ ಉಳಿದಷ್ಟು ದಿನವಾದರೂ ಪ್ಯಾಂಟು ಸೊಂಟದ ಮೇಲೆ ನಿಲ್ಲಬೇಕಲ್ಲ. ಇದ್ದ ಎರಡನ್ನೂ ಸೊಂಟದಲ್ಲಿ ಹಿಡಿಸಿ ಚಿಕ್ಕದು ಮಾಡಿಸಲು, ಪಂಚೆ ಸುತ್ತಿಕೊಂಡು ಆತನಲ್ಲಿಗೆ ಹೋದೆ. ಆತ ಟೇಪು ಸುತ್ತಿ ಎಂದಿನಂತೆಯೇ ಕೂಗಿದ.

"ಮೂವತ್ತು, ಬರ್ಕೋ. ಮೇಷ್ಟ್ರು ಮತ್ತ ಮದುವಿ ಗಂಡು ಆಗ್ಯಾರ."

ಎದುರುಮನೆಯ ಮಿಷನ್ನು ಗಕ್ಕನೆ ನಿಂತಿತು. ಒಳಗಿನಿಂದ ಆತನ ಹೆಂಡತಿ, ಬಾಯಿಗೆ ಬಿಗಿಯಿಲ್ಲದವನೆಂದು ಬೈದಳು. ನಾನು ನಕ್ಕೆ. ನಕ್ಕು ಎಷ್ಟೋ ವಾರವಾಗಿತ್ತು.

ಆ ಸಲಿಗೆಯಲ್ಲೇ, ಹೆಚ್ಚಿನ ಬಟ್ಟೆ ಕತ್ತರಿಸಿಬಿಡು, ಬಳ್ಳಾರಿಗೆ ನಾನಿನ್ನು ಹೋಗುವವನಲ್ಲ ಎಂದೆ. ಆತ ಕತ್ತರಿಯನ್ನು ಕೆಳಗಿಟ್ಟ.

"ಕತ್ತರಿ ಹಾಕಂಗಿಲ್ರಿ. ಕಚ್ಚಾ ಹೊಲಿಗಿ ಹಾಕ್ತೀನಿ. ಮೈ ತುಂಬಿದ ಮ್ಯಾಲ ಬಿಚ್ಚಾಕ ಬಟ್ಟಿ ಬ್ಯಾಡೇನು?"

ತುಂಬುವುದಿಲ್ಲ ಎಂದೆ. ಆತ ಎರಡೂ ಪ್ಯಾಂಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಮುಂದಿನ ಕೀಮೋ ಯಾವತ್ತೆಂದು ಕೇಳಿದ. ಸುಳ್ಳು ಹೊಳೆಯಲಿಲ್ಲ, ಹೇಳಿದೆ. "ಆವತ್ತು ಬಸ್ ಸ್ಟ್ಯಾಂಡಿನಾಗ ಕೊಡ್ತೀನಿ" ಎಂದ.

ಪಂಚೆ ಮನೆಗೆ, ಹೆಚ್ಚೆಂದರೆ ಗಲ್ಲಿಗೆ, ಗಲ್ಲಿ ದಾಟಿದರೆ ಪ್ಯಾಂಟು ಎಂಬುದು ನನ್ನ ಮಟ್ಟಿಗೆ ಸಂವಿಧಾನ. ಆ ಬೆಳಿಗ್ಗೆ ಅದನ್ನು ಮುರಿದು ಪಂಚೆಯಲ್ಲೇ, ಪ್ಯಾಂಟು ಬಿಡಿಸಿಕೊಂಡು ವಾಪಸಾಗಲೆಂದೇ ಬಸ್ ಸ್ಟ್ಯಾಂಡಿಗೆ ಹೋದೆ. ಆತ ಬಳ್ಳಾರಿ ಬಸ್ಸಿನೊಳಗೆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಪಕ್ಕದ ಸೀಟಿಗೆ ಟವೆಲ್ ಹಾಸಿದ್ದ. ನನ್ನ ಆಸ್ಪತ್ರೆಯ ಫೈಲೂ ಆತನ ಕೈಯಲ್ಲಿತ್ತು. ನನ್ನ ಹೆಂಡತಿಯೇ ಕೊಟ್ಟಿದ್ದಳು, ಸಂಚು ದೊಡ್ಡದಿತ್ತು.

ಹತ್ತಿದೆ. ಪ್ಯಾಂಟಿಗಾಗಿ ಚಿಕಿತ್ಸೆ ಮುಂದುವರಿಸಿದ ರೋಗಿ ವೈದ್ಯಶಾಸ್ತ್ರದಲ್ಲಿ ನಾನೊಬ್ಬನೇ ಇರಬೇಕು. ವಾರ್ಡಿನಲ್ಲಿ ಆತ ನನ್ನ ಆಪರೇಷನ್ನಿನ ಗಾಯ ನೋಡಿ, ಹೊಲಿಗೆ ನೇರ ಬಂದಿದೆ, ಗಂಟು ಮಾತ್ರ ಒರಟು ಎಂದು ಡಾಕ್ಟರಿಗೇ ಹೇಳಿದ. ಅವರು ನಕ್ಕು ಒಪ್ಪಿಕೊಂಡರು. ಉಳಿದೆರಡು ಸಲವೂ ಮತ್ತೆ ಹಿಡಿಯುವ ನೆಪದಲ್ಲಿ ಪ್ಯಾಂಟು ಕಸಿದುಕೊಂಡ. ಎರಡು ಸಲವೂ ಅಂಗಡಿ ಮುಚ್ಚಿ ಜೊತೆಗೆ ಬಂದ.

ಕೀಮೋ ಮುಗಿದು ನಾನು ಚೇತರಿಸಿಕೊಂಡ ಮೇಲೆ, ಹೋದ ವರ್ಷ, ಆತ ಮಿಷನ್ನಿನ ಮುಂದೆ ಕೂತಲ್ಲೇ, ಎದೆ ನಿಂತು, ಹೋಗಿಬಿಟ್ಟ. ಆ ದಿನ ಗಲ್ಲಿಯಲ್ಲಿ ಒಂದು ಚಕ್ರವೂ ತಿರುಗಲಿಲ್ಲ. ಚಟ್ಟ ಎತ್ತುವಾಗ ಒಂದು ಮಗ್ಗುಲಿಗೆ ನಾನು ಹೆಗಲು ಕೊಟ್ಟೆ. ನಿಮಗ ಆಗಂಗಿಲ್ಲ, ಬಿಡ್ರಿ ಮೇಷ್ಟ್ರ ಎಂದು ಜೊತೆಯವರು ಎರಡು ಸಲ ಹೇಳಿದರು. ಊರಾಚೆಯ ತನಕವೂ ಬಿಡಲಿಲ್ಲ.