ಹಿತ್ತಲು ತೋರಿಸಿದ ಗೌರಮ್ಮ

ಕೈಲಾಂಚದ ಬಳಿಯ ಹೋಂಸ್ಟೇಗೆ ನಾನು ಹೋದದ್ದು, ಪರಿಸರ ಕೆಡಿಸದ ಅತಿಥಿಗೃಹಗಳಿಗೆ ಕೊಡುವ ಹಸಿರು ಫಲಕದ ತಪಾಸಣೆಗೆ. ಸಂಜೆಯೊಳಗೆ ಇನ್ನೂ ಎರಡು ಊರು ಮುಗಿಸಬೇಕಿತ್ತು. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಮಾಲೀಕ ಶಿವಲಿಂಗಯ್ಯ ಪ್ಲಾಸ್ಟಿಕ್ ತಟ್ಟೆಯ ಬದಲು ಬಳಸುವ ಮುತ್ತುಗದೆಲೆ, ಸೋಲಾರ್ ದೀಪ ಎಲ್ಲ ತೋರಿಸಿದರು. ಸಹಿಗೆ ಪೆನ್ನು ತೆಗೆದೆ.

"ಒಸಿ ಹಿತ್ಲಿಗೆ ಬನ್ನಿ ಸಾ," ಎಂದರು ಅವರ ಹೆಂಡತಿ ಗೌರಮ್ಮ. ಅಲ್ಲಿ ಬಚ್ಚಲ ಗುಂಡಿ ತುಂಬಿ, ಸೋಪಿನ ನೀರು ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ ಹರಿಯುತ್ತಿತ್ತು.

"ಇದ್ಯಾಕೆ ತೋರುಸ್ತೀಯೆ?" ಗಂಡ ಗದರಿದರು.

"ಆ ಸೊಪ್ಪು ತಿಂದು ಅವ್ರ ರೇಷ್ಮೆ ಹುಳ ಸತ್ರೆ, ನಾವು ಬೋರ್ಡ್ ನೋಡ್ಕಂಡು ಕೂರಾಕಾಯ್ತದಾ?"

ನನಗೆ ನಾಚಿಕೆಯಾಯಿತು, ನನ್ನ ತಪಾಸಣಾ ಪಟ್ಟಿಯಲ್ಲಿ ಹಿತ್ತಲೇ ಇರಲಿಲ್ಲ. ಸಹಿ ಹಾಕದೆ, "ಮತ್ತೆ ಬರುತ್ತೇನೆ" ಎಂದೆ. ಕಾರು ಹತ್ತುವಾಗ ತಿರುಗಿ ನೋಡಿದೆ: ಶಿವಲಿಂಗಯ್ಯ ಪಂಚೆ ಎತ್ತಿ ಕಟ್ಟಿ, ತೋಟಕ್ಕೆ ಹೋಗದಂತೆ ನೀರು ತಿರುಗಿಸಲು ಮಣ್ಣು ಅಗೆಯುತ್ತಿದ್ದರು.